ಗಣಕ ಜಾಲದ ಭದ್ರತೆ: ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಅನುಭವ ಉದ್ಯಮಿಗಳಿಗೆ ಕಲಿಸುವ ಪಾಠ

ಹಿಂದೆ ರಾತ್ರಿ ಅಂಗಡಿ ಮುಚ್ಚುವ ಮುನ್ನ ಕಿರ್ದಿ ಮತ್ತು ಖಾತೆ ಪುಸ್ತಕಗಳನ್ನು ತಿಜೋರಿಯಲ್ಲಿಟ್ಟು ಬೀಗ ಹಾಕುವುದು ವಾಡಿಕೆಯಾಗಿತ್ತು. ಬೆಂಕಿ, ಮಳೆ, ಗೆದ್ದಲು ಮತ್ತು ಕಳ್ಳ, ಈ ನಾಲ್ಕರಿಂದ ಪುಸ್ತಕಗಳನ್ನು ಕಾಪಾಡಿದರೆ ಸಾಕಿತ್ತು. ಇಂದು ಅದೇ ಪುಸ್ತಕಗಳು ಗಣಕಯಂತ್ರದೊಳಗಿವೆ. ಗಿರಾಕಿಗಳ ಬಾಕಿ, ದಾಸ್ತಾನಿನ ವಿವರ, ಜಿಎಸ್‌ಟಿ ಬಿಲ್ಲುಗಳು, ಕಾರ್ಮಿಕರ ವೇತನಪಟ್ಟಿ, ಬಿಡಿಭಾಗಗಳ ನಕ್ಷೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಸೇರಿವೆ. ಆ ಪೆಟ್ಟಿಗೆಗೆ ಅಂತರಜಾಲದ ಸಂಪರ್ಕವಿರುವುದರಿಂದ ಕಳ್ಳನು ಅಂಗಡಿಯ ಬಾಗಿಲಿಗೆ ಬರಬೇಕಾದ ಅಗತ್ಯವೂ ಇಲ್ಲ.

ಇಂತಹ ಕಳ್ಳತನಕ್ಕೆ ಗುರಿಯಾದ ಅನೇಕ ಸಂಸ್ಥೆಗಳು ಮರ್ಯಾದೆಗೆ ಅಂಜಿ ಸುಮ್ಮನಾಗುತ್ತವೆ. ಆದ್ದರಿಂದ ಒಬ್ಬರ ನಷ್ಟದಿಂದ ಮತ್ತೊಬ್ಬರು ಕಲಿಯುವ ಅವಕಾಶ ದೊರೆಯುವುದು ಅಪರೂಪ. ನೆದರ್ಲೆಂಡ್ಸ್ ದೇಶದ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯವು ಇದಕ್ಕೆ ಅಪವಾದವಾಗಿದೆ. 2019ರ ಡಿಸೆಂಬರ್‌ನಲ್ಲಿ ತನಗಾದ ಅನಾಹುತವನ್ನು, ತನ್ನ ಲೋಪಗಳನ್ನು ಮತ್ತು ತಾನು ತೆತ್ತ ಹಣವನ್ನು ಅದು ಬಹಿರಂಗವಾಗಿ ಹೇಳಿಕೊಂಡಿತು. ವಿಶ್ವವಿದ್ಯಾಲಯದ ಲೋಪಗಳಿಗೂ ಹತ್ತು ಗಣಕಯಂತ್ರಗಳಿರುವ ಕಾರ್ಖಾನೆಯ ಲೋಪಗಳಿಗೂ ಗಾತ್ರದಲ್ಲಿ ವ್ಯತ್ಯಾಸವಿದೆಯೇ ಹೊರತು ಸ್ವರೂಪದಲ್ಲಿ ಇಲ್ಲ. ಆದಕಾರಣ ಈ ಪ್ರಕರಣವು ವ್ಯಾಪಾರಸ್ಥರ ಅಧ್ಯಯನಕ್ಕೆ ಯೋಗ್ಯವಾಗಿದೆ.

ಘಟನೆಯ ವಿವರ

ಮಾಸ್ಟ್ರಿಕ್ಟ್ ನಗರವು ನೆದರ್ಲೆಂಡ್ಸಿನ ದಕ್ಷಿಣ ತುದಿಯಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯವು 1976ರಲ್ಲಿ ಸ್ಥಾಪನೆಯಾಯಿತು. ಘಟನೆಯ ಕಾಲಕ್ಕೆ ಅದರಲ್ಲಿ 18 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಅದರ ಜಾಲದಲ್ಲಿ 1,647 ಸರ್ವರ್‌ಗಳೂ 7,307 ಗಣಕಯಂತ್ರಗಳೂ ಇದ್ದವು.

2019ರ ಅಕ್ಟೋಬರ್ 15 ಮತ್ತು 16ರಂದು ಕೆಲವು ಸಿಬ್ಬಂದಿಗೆ ನಂಬಿಕೆ ಹುಟ್ಟಿಸುವಂತಹ ಇ-ಮೇಲ್‌ಗಳು ಬಂದವು. ಅವುಗಳಲ್ಲಿದ್ದ ಕೊಂಡಿಯನ್ನು ಒತ್ತಿದರೆ ಒಂದು ಎಕ್ಸೆಲ್ ಕಡತ ತೆರೆಯುತ್ತಿತ್ತು. ಆ ಕಡತದೊಳಗೆ ಅಡಗಿದ್ದ ಆದೇಶವು ಹೊರಗಿನಿಂದ ದುಷ್ಟ ತಂತ್ರಾಂಶವನ್ನು ತಂದು ಯಂತ್ರದಲ್ಲಿ ನೆಲೆಗೊಳಿಸುತ್ತಿತ್ತು. ಏಳು ಸಾವಿರಕ್ಕೂ ಮೀರಿದ ಯಂತ್ರಗಳ ಪೈಕಿ ಕೇವಲ ಎರಡರಲ್ಲಿ ಈ ಕೊಂಡಿಯನ್ನು ಒತ್ತಲಾಯಿತು. ದಾಳಿಕಾರರಿಗೆ ಅಷ್ಟೇ ಸಾಕಾಯಿತು.

ಒಳಹೊಕ್ಕವರು ಅವಸರಪಡಲಿಲ್ಲ. ಯಾವ ಯಂತ್ರ ಯಾವುದಕ್ಕೆ ಜೋಡಿಸಲ್ಪಟ್ಟಿದೆ, ಯಾವ ಪಾಸ್‌ವರ್ಡ್ ಎಲ್ಲಿ ಸಿಗುತ್ತದೆ ಎಂಬುದನ್ನು ವಾರಗಟ್ಟಲೆ ಶೋಧಿಸಿದರು. ಅಗತ್ಯ ಭದ್ರತಾ ಅಪ್‌ಡೇಟ್‌ಗಳನ್ನು ಹಾಕದೆ ಬಿಟ್ಟಿದ್ದ ಸರ್ವರ್ ಒಂದರ ಮೂಲಕ ನವೆಂಬರ್ 21ರಂದು ಇಡೀ ಜಾಲದ ಆಡಳಿತಾಧಿಕಾರವನ್ನೇ ಪಡೆದರು. ಅಂದರೆ, ಎಲ್ಲ ಕೋಣೆಗಳ ಬೀಗಕ್ಕೂ ಹೊಂದುವ ಒಂದೇ ಕೀಲಿ ಅವರ ಕೈಸೇರಿತು. ಕ್ರಿಸ್‌ಮಸ್ ರಜೆಗೆ ಕಚೇರಿಗಳು ಬರಿದಾಗುತ್ತಿದ್ದ ಡಿಸೆಂಬರ್ 23ರ ಸಂಜೆ 267 ಸರ್ವರ್‌ಗಳ ಮೇಲೆ ‘ಕ್ಲಾಪ್’ ಎಂಬ ರಾನ್ಸಮ್‌ವೇರ್ ಅನ್ನು ಹರಿಬಿಟ್ಟರು. ರಾನ್ಸಮ್‌ವೇರ್ ಎಂದರೆ ಕಡತಗಳನ್ನು ಗುಪ್ತಲಿಪಿಗೆ ತಿರುಗಿಸಿ, ಅವುಗಳನ್ನು ಮತ್ತೆ ತೆರೆಯುವ ಕೀಲಿಗಾಗಿ ಹಣ ಕೇಳುವ ತಂತ್ರಾಂಶ. ಇ-ಮೇಲ್ ಸೇರಿದಂತೆ ನಿತ್ಯದ ಬಹುಪಾಲು ಸೇವೆಗಳು ನಿಂತುಹೋದವು.

ಇಲ್ಲಿ ಎರಡು ಅಂಕಿಗಳನ್ನು ಗಮನಿಸಬೇಕು. ಒಂದು, ಮೊದಲ ಇ-ಮೇಲ್‌ಗೂ ಕೊನೆಯ ದಾಳಿಗೂ ನಡುವೆ 69 ದಿನಗಳ ಅಂತರವಿತ್ತು. ಕಳ್ಳನು ಎರಡು ತಿಂಗಳಿಗೂ ಹೆಚ್ಚು ಕಾಲ ಮನೆಯೊಳಗೇ ಇದ್ದನು. ಎರಡು, ಹಾನಿಗೊಳಗಾದದ್ದು ಸರಿಸುಮಾರು ಆರರಲ್ಲಿ ಒಂದು ಸರ್ವರ್ ಮಾತ್ರ. ಆದರೂ ಸಂಸ್ಥೆಯೇ ಸ್ತಬ್ಧವಾಯಿತು, ಏಕೆಂದರೆ ಅತ್ಯಗತ್ಯ ಕೆಲಸಗಳು ಅವುಗಳ ಮೇಲೆಯೇ ಅವಲಂಬಿಸಿದ್ದವು.

ಹಣ ತೆರುವ ನಿರ್ಧಾರ

ವಿಶ್ವವಿದ್ಯಾಲಯವು ಕೂಡಲೇ ಫಾಕ್ಸ್-ಐಟಿ ಎಂಬ ಡಚ್ ಭದ್ರತಾ ಸಂಸ್ಥೆಯ ನೆರವು ಪಡೆಯಿತು ಮತ್ತು ಪೊಲೀಸರಿಗೆ ದೂರು ನೀಡಿತು. ಆದರೆ ಕಡತಗಳ ಮರುಸ್ಥಾಪನೆಯ ಪ್ರಶ್ನೆ ಬಂದಾಗ ನಿಜವಾದ ಸಂಕಟ ಎದುರಾಯಿತು. ಕೆಲವು ಮುಖ್ಯ ವ್ಯವಸ್ಥೆಗಳ ಬ್ಯಾಕಪ್ ಪ್ರತಿಗಳು ಅದೇ ಜಾಲಕ್ಕೆ ಜೋಡಣೆಗೊಂಡಿದ್ದವು. ಮೂಲದೊಂದಿಗೆ ಪ್ರತಿಯೂ ಬೀಗಕ್ಕೊಳಗಾಗಿತ್ತು.

ಆಡಳಿತ ಮಂಡಳಿಯ ಮುಂದೆ ಎರಡೇ ದಾರಿಗಳಿದ್ದವು. ಇಡೀ ವ್ಯವಸ್ಥೆಯನ್ನು ತಳದಿಂದ ಮತ್ತೆ ಕಟ್ಟುವುದು ಒಂದು. ಅದಕ್ಕೆ ತಿಂಗಳುಗಳೇ ಬೇಕಾಗುತ್ತಿದ್ದವು. ಪರೀಕ್ಷೆಗಳು, ಸಂಶೋಧನೆಯ ದತ್ತಾಂಶ, ಸಿಬ್ಬಂದಿಯ ಸಂಬಳ ಎಲ್ಲವೂ ಅನಿಶ್ಚಿತವಾಗುತ್ತಿದ್ದವು. ಅಪರಾಧಿಗಳಿಗೆ ಹಣ ಕೊಡುವುದು ಇನ್ನೊಂದು. ಸಾರ್ವಜನಿಕ ಹಣದಿಂದ ನಡೆಯುವ ವಿದ್ಯಾಸಂಸ್ಥೆಗೆ ಇದು ನೈತಿಕವಾಗಿ ನುಂಗಲಾರದ ತುತ್ತು. ಕೊನೆಗೆ ಮಂಡಳಿಯು 30 ಬಿಟ್‌ಕಾಯಿನ್ ನೀಡಿ ಕೀಲಿಯನ್ನು ಪಡೆಯಿತು. ಅಂದಿನ ಬೆಲೆಯಲ್ಲಿ ಅದು ಸುಮಾರು 1,97,000 ಯೂರೋ, ಅಂದರೆ ಒಂದೂವರೆ ಕೋಟಿ ರೂಪಾಯಿಗೂ ಮಿಗಿಲು. 2020ರ ಜನವರಿ 6ರಂದು ತರಗತಿಗಳು ಮತ್ತು ಪರೀಕ್ಷೆಗಳು ಪುನರಾರಂಭಗೊಂಡವು. ಫೆಬ್ರವರಿ 5ರಂದು ವಿಶ್ವವಿದ್ಯಾಲಯವು ಸಭೆಯೊಂದನ್ನು ಕರೆದು ತಜ್ಞರ ವರದಿಯನ್ನು ಬಹಿರಂಗಪಡಿಸಿತು. ಹಣ ತೆತ್ತ ಕಾರಣಗಳನ್ನು ಉಪಾಧ್ಯಕ್ಷ ನಿಕ್ ಬಾಸ್ ಅವರು ಅಲ್ಲಿ ವಿವರಿಸಿದರು.

ಇದು ಅನುಕರಣೀಯ ನಿರ್ಧಾರವೆಂದು ಯಾರೂ ತಿಳಿಯಬಾರದು. ಹಣ ಕೊಟ್ಟ ಮಾತ್ರಕ್ಕೆ ಕೀಲಿ ಸಿಗುತ್ತದೆಂಬ ಖಾತರಿ ಇಲ್ಲ. ಕೊಟ್ಟ ಹಣವು ಮುಂದಿನ ಅಪರಾಧಕ್ಕೆ ಬಂಡವಾಳವಾಗುತ್ತದೆ. ಇಲ್ಲಿ ಗ್ರಹಿಸಬೇಕಾದ ತತ್ತ್ವ ಬೇರೆಯೇ ಇದೆ. ಜಾಲದಿಂದ ಬೇರ್ಪಟ್ಟ ಒಂದು ಪ್ರತಿ ಭದ್ರವಾಗಿದ್ದಿದ್ದರೆ ಮಂಡಳಿಗೆ ಮೂರನೆಯ ದಾರಿಯೊಂದು ಇರುತ್ತಿತ್ತು. ಆ ದಾರಿ ಮುಚ್ಚಿಹೋದದ್ದು ಡಿಸೆಂಬರ್ 23ರಂದು ಅಲ್ಲ. ಬ್ಯಾಕಪ್ ಅನ್ನು ಎಲ್ಲಿಡಬೇಕೆಂದು ವರ್ಷಗಳ ಹಿಂದೆ ತೀರ್ಮಾನಿಸಿದ ದಿನ.

ಇದು ಒಂದೇ ವಿಶ್ವವಿದ್ಯಾಲಯದ ಗ್ರಹಚಾರವಲ್ಲ. 2018ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದ ಜಾಲಕ್ಕೆ ದಾಳಿಕಾರರು ನುಗ್ಗಿದ್ದರು. ಆ ಸಂಸ್ಥೆಯೂ 2019ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. 2020ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ತನ್ನ ವೈದ್ಯಕೀಯ ವಿಭಾಗದ ಕಡತಗಳಿಗಾಗಿ ಸುಮಾರು 11.4 ಲಕ್ಷ ಡಾಲರ್ ತೆರಬೇಕಾಯಿತು.

ಲೋಪಗಳು ಎಲ್ಲಿದ್ದವು?

ಲೆಕ್ಕ ಪರಿಶೋಧನೆಯ ದೃಷ್ಟಿಯಿಂದ ನೋಡಿದರೆ, ಇವೆಲ್ಲವೂ ಆಂತರಿಕ ನಿಯಂತ್ರಣದ ಲೋಪಗಳೇ ಆಗಿವೆ.

1. ಅಪ್‌ಡೇಟ್ ಆಗದ ಯಂತ್ರಗಳು: ಸಾವಿರಾರು ಯಂತ್ರಗಳ ನಡುವೆ ಹಳೆಯ ಸರ್ವರ್ ಗಮನಕ್ಕೆ ಬಾರದೆ ಉಳಿಯಿತು. ಸಣ್ಣ ಕಾರ್ಖಾನೆಗಳಲ್ಲಿಯೂ ತೂಕದ ಯಂತ್ರಕ್ಕೋ ಬಿಲ್ಲಿಂಗಿಗೋ ಜೋಡಿಸಿದ ಹಳೆಯ ವಿಂಡೋಸ್ ಯಂತ್ರವೊಂದು ಮೂಲೆಯಲ್ಲಿ ಇರುವುದುಂಟು. “ನಡೆಯುತ್ತಿದೆಯಲ್ಲ, ಮುಟ್ಟುವುದು ಬೇಡ” ಎಂಬ ಧೋರಣೆಯೇ ಅಪಾಯದ ಮೂಲ. ತಯಾರಕರು ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಯಂತ್ರವನ್ನು ಅಂತರಜಾಲದಿಂದ ಬೇರ್ಪಡಿಸುವುದು ಕ್ಷೇಮ.

2. ಮಿತಿಯಿಲ್ಲದ ಅಧಿಕಾರ: ಒಂದು ಆಡಳಿತ ಖಾತೆ ಕೈಸೇರಿದೊಡನೆ ಎಲ್ಲವೂ ಕೈಸೇರಿತು. ಚೆಕ್ ಬರೆಯುವವನು ಒಬ್ಬ, ಸಹಿ ಹಾಕುವವನು ಮತ್ತೊಬ್ಬ ಎಂಬ ನಿಯಮವನ್ನು ಪ್ರತಿಯೊಬ್ಬ ವ್ಯಾಪಾರಸ್ಥನೂ ಬಲ್ಲ. ಅದೇ ವ್ಯಾಪಾರಸ್ಥನ ಕಚೇರಿಯಲ್ಲಿ ಮಾಲೀಕ, ಗುಮಾಸ್ತ, ದಾಸ್ತಾನು ನೋಡುವವ ಮತ್ತು ದುರಸ್ತಿಗೆ ಬರುವವ ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುತ್ತಿರುತ್ತಾರೆ.

3. ಗೋಡೆಗಳಿಲ್ಲದ ಜಾಲ: ಜಾಲವನ್ನು ವಿಭಾಗಗಳಾಗಿ ಸಾಕಷ್ಟು ಬೇರ್ಪಡಿಸಿರಲಿಲ್ಲವಾದ್ದರಿಂದ ಒಂದೆಡೆ ಬಿದ್ದ ಕಿಡಿ ಎಲ್ಲೆಡೆ ಹರಡಿತು. ಉಗ್ರಾಣಕ್ಕೂ ಕಚೇರಿಗೂ ನಡುವೆ ಗೋಡೆ ಕಟ್ಟುವಂತೆ, ಲೆಕ್ಕಪತ್ರದ ಯಂತ್ರಗಳಿಗೂ ಉಳಿದವುಗಳಿಗೂ ನಡುವೆ ತಡೆ ಇರಬೇಕು.

4. ಕೈಗೆಟುಕುವ ಬ್ಯಾಕಪ್: ತಿಜೋರಿಯ ನಕಲಿ ಕೀಲಿಯನ್ನು ತಿಜೋರಿಯ ಮೇಲೆಯೇ ಇಟ್ಟಂತೆ.

5. ಗಮನಿಸದ ಸುಳಿವುಗಳು: ಎರಡು ತಿಂಗಳ ಓಡಾಟವು ಯಂತ್ರಗಳ ದಾಖಲೆಯಲ್ಲಿ ಗುರುತು ಬಿಟ್ಟಿರುತ್ತದೆ. ದಾಳಿಯ ಬಳಿಕ ತಜ್ಞರು ದಿನಾಂಕವಾರು ಕಥೆಯನ್ನು ಕಟ್ಟಲು ಸಾಧ್ಯವಾದದ್ದು ಇಂತಹ ಗುರುತುಗಳಿಂದಲೇ. ಗುರುತುಗಳನ್ನು ಮೊದಲೇ ಕೂಡಿಸಿ ನೋಡುವ ವ್ಯವಸ್ಥೆ ಬಲವಾಗಿರಲಿಲ್ಲ.

ಎಪ್ಪತ್ತೈದು ಸೆಂಟಿನ ವ್ಯತ್ಯಾಸ

ಐದನೆಯ ಅಂಶಕ್ಕೆ ಸಂಬಂಧಿಸಿದಂತೆ ಹಳೆಯ ಪ್ರಸಂಗವೊಂದು ಲೆಕ್ಕ ಬರೆಯುವವರಿಗೆ ವಿಶೇಷ ಆಸಕ್ತಿಯದಾಗಿದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ನಡೆಸುತ್ತದೆ. 1986ರಲ್ಲಿ ಅಲ್ಲಿನ ಗಣಕಯಂತ್ರಗಳ ಬಳಕೆಯ ಲೆಕ್ಕದಲ್ಲಿ 75 ಸೆಂಟಿನ ವ್ಯತ್ಯಾಸ ಕಂಡುಬಂದಿತು. ಒಂದು ಡಾಲರ್‌ಗೂ ಕಡಿಮೆಯಾದ ಆ ಮೊತ್ತವನ್ನು ತಳ್ಳಿಹಾಕುವುದು ಸುಲಭವಾಗಿತ್ತು. ಆದರೆ ಖಗೋಳಶಾಸ್ತ್ರಜ್ಞರಾದ ಕ್ಲಿಫರ್ಡ್ ಸ್ಟೋಲ್ ಅವರು ಅದರ ಬೆನ್ನು ಹತ್ತಿದರು. ಹಣ ಪಾವತಿಸದೆ ಯಾರೋ ಯಂತ್ರವನ್ನು ಬಳಸುತ್ತಿರುವುದು ಗೊತ್ತಾಯಿತು. ತಿಂಗಳುಗಳ ಶೋಧದ ಬಳಿಕ ಆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರವನ್ನು ಮುಟ್ಟಿತು. ಅಲ್ಲಿದ್ದ ವ್ಯಕ್ತಿಯು ಅಮೆರಿಕದ ಸೇನಾ ಗಣಕಯಂತ್ರಗಳಿಂದ ಮಾಹಿತಿ ಕದ್ದು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದನೆಂಬುದು ಬಯಲಾಯಿತು.

ಶಿಲ್ಕು ತಾಳೆಯಾಗದಿದ್ದರೆ ಮೊತ್ತ ಎಷ್ಟೇ ಚಿಕ್ಕದಾಗಿರಲಿ, ಕಾರಣ ಸಿಗುವವರೆಗೆ ಬಿಡಬಾರದೆಂದು ಹಳೆಯ ಗುಮಾಸ್ತರು ಹೇಳುತ್ತಿದ್ದುದು ಗಣಕ ಜಾಲಕ್ಕೂ ಅನ್ವಯಿಸುತ್ತದೆ. ಬಾಗಿಲು ಮುಚ್ಚಿದ ಮೇಲೆ ರಾತ್ರಿ ಎರಡು ಗಂಟೆಗೆ ನಡೆದ ಲಾಗಿನ್, ಕೆಲಸ ಬಿಟ್ಟು ಹೋದವನ ಹೆಸರಿನಲ್ಲಿ ತೆರೆದ ಕಡತ, ತಾನಾಗಿ ನಿಂತುಹೋದ ಆಂಟಿವೈರಸ್, ಇವು ಇಂದಿನ ಎಪ್ಪತ್ತೈದು ಸೆಂಟುಗಳು.

ವಿಶ್ವವಿದ್ಯಾಲಯ ಕೈಗೊಂಡ ಸುಧಾರಣೆಗಳು

ದಾಳಿಯ ನಂತರ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯವು ಜಾಲದ ಮೇಲೆ ದಿನದ 24 ಗಂಟೆಯೂ ನಿಗಾ ಇಡುವ ಏರ್ಪಾಡು ಮಾಡಿತು. ಜಾಲವನ್ನು ವಿಭಾಗಿಸುವ, ಅಪ್‌ಡೇಟ್‌ಗಳನ್ನು ಕಟ್ಟುನಿಟ್ಟಾಗಿ ನಿರ್ವಹಿಸುವ ಮತ್ತು ಸಿಬ್ಬಂದಿಗೆ ಮೋಸದ ಇ-ಮೇಲ್‌ಗಳ ಅರಿವು ಮೂಡಿಸುವ ಕಾರ್ಯಗಳನ್ನು ಕೈಗೆತ್ತಿಕೊಂಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಜಾಲದಲ್ಲಿರುವ ಬ್ಯಾಕಪ್ ಜೊತೆಗೆ ಜಾಲದಿಂದ ಬೇರ್ಪಟ್ಟ ಬ್ಯಾಕಪ್ ಕೂಡ ಇರುವಂತೆ ಮಾಡಿತು.

ಮತ್ತೊಂದು ಸಂಗತಿಯೂ ಗಮನಾರ್ಹ. ನೆದರ್ಲೆಂಡ್ಸಿನ ವಿದ್ಯಾಸಂಸ್ಥೆಗಳಿಗೆ ‘ಸರ್ಫ್’ ಎಂಬ ಸಹಕಾರಿ ಸಂಸ್ಥೆಯಿದೆ. ಒಬ್ಬೊಬ್ಬರೇ ಭರಿಸಲಾಗದ ನಿಗಾ ವೆಚ್ಚವನ್ನು ಅದರ ಮೂಲಕ ಹಲವು ಸಂಸ್ಥೆಗಳು ಹಂಚಿಕೊಳ್ಳುತ್ತವೆ. ಒಂದೇ ಕೈಗಾರಿಕಾ ವಸಾಹತಿನ ಅಥವಾ ಒಂದೇ ಮಾರುಕಟ್ಟೆಯ ಹತ್ತಿಪ್ಪತ್ತು ಉದ್ದಿಮೆಗಳು ಸೇರಿ ನುರಿತ ತಂತ್ರಜ್ಞನೊಬ್ಬನನ್ನು ವಾರ್ಷಿಕ ಕರಾರಿನ ಮೇಲೆ ನೇಮಿಸಿಕೊಳ್ಳಲು ಈ ಮಾದರಿ ಪ್ರೇರಣೆಯಾಗಬಲ್ಲದು.

ಉದ್ದಿಮೆಗಳು ಕೈಗೊಳ್ಳಬೇಕಾದ ಕ್ರಮಗಳು

ಅ) ಯಂತ್ರಗಳ ಪಟ್ಟಿ: ಸ್ಥಿರಾಸ್ತಿ ವಹಿಯಂತೆ ಗಣಕಯಂತ್ರಗಳಿಗೂ ಒಂದು ವಹಿ ಇರಲಿ. ಯಂತ್ರ, ಅದರ ತಂತ್ರಾಂಶ, ಬಳಸುವವರ ಹೆಸರು, ಕೊನೆಯ ಅಪ್‌ಡೇಟ್‌ನ ದಿನಾಂಕ, ಈ ನಾಲ್ಕು ಅಂಕಣಗಳು ಸಾಕು. ಪಟ್ಟಿಯಲ್ಲಿಲ್ಲದ ಯಂತ್ರವನ್ನು ಯಾರೂ ಕಾಯುವುದಿಲ್ಲ.

ಆ) ಪ್ರತ್ಯೇಕ ಪಾಸ್‌ವರ್ಡ್: ಪ್ರತಿಯೊಬ್ಬನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಲಿ. ಕೆಲಸ ಬಿಟ್ಟವನ ಖಾತೆಯನ್ನು ಅವನ ಅಂತಿಮ ಲೆಕ್ಕ ಚುಕ್ತಾ ಮಾಡುವ ದಿನವೇ ಮುಚ್ಚಬೇಕು. ಇ-ಮೇಲ್, ಬ್ಯಾಂಕ್ ಮತ್ತು ಜಿಎಸ್‌ಟಿ ಖಾತೆಗಳಿಗೆ ಪಾಸ್‌ವರ್ಡ್ ಜೊತೆಗೆ ಒಟಿಪಿಯಂತಹ ಎರಡನೆಯ ದೃಢೀಕರಣವೂ ಇರಬೇಕು.

ಇ) ಮೂರು ಪ್ರತಿಗಳು: ದತ್ತಾಂಶದ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಕಚೇರಿಯ ಹೊರಗಿರಲಿ. ಅವುಗಳಲ್ಲಿ ಒಂದಾದರೂ ಯಾವ ಯಂತ್ರಕ್ಕೂ ಜೋಡಿಸದೆ ಇರಬೇಕು. ಎರಡು ಹಾರ್ಡ್‌ಡಿಸ್ಕ್‌ಗಳನ್ನು ವಾರಕ್ಕೊಂದರಂತೆ ಸರದಿಯಲ್ಲಿ ಬಳಸಿ, ಬಳಸದ ಒಂದನ್ನು ಬ್ಯಾಂಕ್ ಲಾಕರ್‌ನಲ್ಲೋ ಮಾಲೀಕರ ಮನೆಯಲ್ಲೋ ಇಡಬಹುದು. ಸದಾ ಯಂತ್ರಕ್ಕೆ ಚುಚ್ಚಿರುವ ಪೆನ್‌ಡ್ರೈವ್ ಬ್ಯಾಕಪ್ ಎನಿಸುವುದಿಲ್ಲ.

ಈ) ಮರುಸ್ಥಾಪನೆಯ ಪರೀಕ್ಷೆ: ಮೂರು ತಿಂಗಳಿಗೊಮ್ಮೆ ಬ್ಯಾಕಪ್ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ಆ ದಿನದ ತಾಳೆಪಟ್ಟಿ ಮೂಲದೊಂದಿಗೆ ಹೊಂದುವುದೇ ಎಂದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಎಣಿಸದ ದಾಸ್ತಾನಿನಂತೆ. ಪುಸ್ತಕದಲ್ಲಿರುತ್ತದೆ, ಉಗ್ರಾಣದಲ್ಲಿ ಇರುವುದೆಂಬ ಭರವಸೆಯಿಲ್ಲ.

ಉ) ಸಿಬ್ಬಂದಿಯ ಶಿಕ್ಷಣ: ಅಪರಿಚಿತ ‘ಇನ್‌ವಾಯ್ಸ್’ ಅಥವಾ ‘ಪರ್ಚೇಸ್ ಆರ್ಡರ್’ ಬಂದಾಗ ತೆರೆಯುವ ಮುನ್ನ ಕೇಳುವ ಅಭ್ಯಾಸ ಬೆಳೆಯಬೇಕು. ತಪ್ಪಿ ಒತ್ತಿದವನು ಬೈಗುಳಕ್ಕೆ ಹೆದರಿ ಮುಚ್ಚಿಡುವಂತಾಗಬಾರದು. ಕೂಡಲೇ ಹೇಳಿದರೆ ಒಂದು ಯಂತ್ರದ ತಂತಿ ಕಿತ್ತರೆ ಸಾಕಾಗಬಹುದು. ಮುಚ್ಚಿಟ್ಟರೆ ಕಳ್ಳನಿಗೆ 69 ದಿನಗಳ ಅವಕಾಶ.

ಕಾನೂನಿನ ಅಂಶಗಳು

ಕಡತ ಕಳೆದುಹೋಯಿತೆಂಬ ಕಾರಣಕ್ಕೆ ಕಾನೂನಿನ ಹೊಣೆ ಕಳೆಯುವುದಿಲ್ಲ. ಜಿಎಸ್‌ಟಿ ಕಾಯ್ದೆಯಡಿ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳು ಎಂಟು ವರ್ಷಗಳ ಪುಸ್ತಕಗಳನ್ನು ಇಟ್ಟುಕೊಳ್ಳಬೇಕು. ಗಣಕಯಂತ್ರದಲ್ಲಿ ಲೆಕ್ಕ ಇಡುವ ಕಂಪನಿಗಳು 2022ರ ತಿದ್ದುಪಡಿಯಂತೆ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನದ ಬ್ಯಾಕಪ್ ಹೊಂದಿರಬೇಕು. 2023ರ ಏಪ್ರಿಲ್ 1ರಿಂದ ಅವುಗಳ ಲೆಕ್ಕ ತಂತ್ರಾಂಶವು ಪ್ರತಿ ಬದಲಾವಣೆಯ ಜಾಡನ್ನು ದಾಖಲಿಸುವಂತಿರಬೇಕು. ಆ ಸೌಲಭ್ಯವನ್ನು ನಿಲ್ಲಿಸುವಂತಿಲ್ಲ.

ಕೇಂದ್ರ ಸರ್ಕಾರದ ‘ಸರ್ಟ್-ಇನ್’ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ರಾನ್ಸಮ್‌ವೇರ್‌ನಂತಹ ಘಟನೆಗಳನ್ನು ತಿಳಿದ ಆರು ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು ಮತ್ತು ಯಂತ್ರಗಳ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು. ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ 1930 ಸಹಾಯವಾಣಿಗೆ ತಡಮಾಡದೆ ಕರೆ ಮಾಡಬೇಕು. ಗಿರಾಕಿಗಳ ಮತ್ತು ನೌಕರರ ವೈಯಕ್ತಿಕ ಮಾಹಿತಿಯನ್ನು ರಕ್ಷಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತವೆ. ಸಮಂಜಸ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಆ ಕಾಯ್ದೆಯಲ್ಲಿ ಅವಕಾಶವಿದೆ.

ವೆಚ್ಚದ ಲೆಕ್ಕಾಚಾರ

ಭದ್ರತೆಗೆ ಎಷ್ಟು ವೆಚ್ಚ ಮಾಡಬೇಕು ಎಂಬ ಪ್ರಶ್ನೆಗೆ ಉತ್ತರಿಸುವ ಮುನ್ನ, ಒಂದು ದಿನ ಕೆಲಸ ನಿಂತರೆ ಎಷ್ಟು ನಷ್ಟ ಎಂಬುದನ್ನು ಕಂಡುಕೊಳ್ಳಬೇಕು. ಕಾಲ್ಪನಿಕ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸವಿಲ್ಲದೆಯೂ ಕೊಡಬೇಕಾದ ದಿನದ ಕೂಲಿ ಮತ್ತು ಸಂಬಳ 9,000 ರೂಪಾಯಿ; ಬಾಡಿಗೆ ಮತ್ತು ಬಡ್ಡಿ 4,000 ರೂಪಾಯಿ; ಕೈತಪ್ಪುವ ನಿವ್ವಳ ಲಾಭ 7,000 ರೂಪಾಯಿ. ಒಟ್ಟು ದಿನವೊಂದಕ್ಕೆ 20,000 ರೂಪಾಯಿ. ಹತ್ತು ದಿನ ನಿಂತರೆ ನಷ್ಟ ಎರಡು ಲಕ್ಷ. ವಿವರಪಟ್ಟಿ ತಡವಾದದ್ದಕ್ಕೆ ಶುಲ್ಕ, ಯಾರಿಂದ ಎಷ್ಟು ಬರಬೇಕೆಂಬುದೇ ತಿಳಿಯದೆ ಮುಳುಗುವ ಬಾಕಿ, ಬೇರೆಡೆಗೆ ಹೋದ ಗಿರಾಕಿ, ಇವು ಈ ಲೆಕ್ಕದ ಹೊರಗಿವೆ. ಎರಡು ಹಾರ್ಡ್‌ಡಿಸ್ಕ್ ಮತ್ತು ತಿಂಗಳಿಗೊಂದು ದಿನದ ತಂತ್ರಜ್ಞನ ಸಂಭಾವನೆಯನ್ನು ಈ ಮೊತ್ತದೊಂದಿಗೆ ಹೋಲಿಸಿದರೆ ಯಾವುದು ಖರ್ಚು, ಯಾವುದು ಉಳಿತಾಯ ಎಂಬುದು ಸ್ಪಷ್ಟವಾಗುತ್ತದೆ. ಬೆಂಕಿ ವಿಮೆಯ ಕಂತನ್ನು ಯಾರೂ ದಂಡವೆಂದು ಭಾವಿಸುವುದಿಲ್ಲ.

ಉಪಸಂಹಾರ

ಮಾಸ್ಟ್ರಿಕ್ಟ್ ಪ್ರಕರಣಕ್ಕೆ ಅನಿರೀಕ್ಷಿತ ಕೊನೆಯೊಂದಿದೆ. ಡಚ್ ತನಿಖಾಧಿಕಾರಿಗಳು ಹಣದ ಜಾಡು ಹಿಡಿದು, ಉಕ್ರೇನಿನಲ್ಲಿದ್ದ ವ್ಯಕ್ತಿಯೊಬ್ಬನ ಖಾತೆಯನ್ನು 2020ರಲ್ಲಿಯೇ ಸ್ಥಗಿತಗೊಳಿಸಿದ್ದರು. ಅದರಲ್ಲಿ ಸಿಕ್ಕ ಭಾಗದ ಬೆಲೆ ಅಂದು ಸುಮಾರು 40 ಸಾವಿರ ಯೂರೋ ಆಗಿತ್ತು. ಕ್ರಿಪ್ಟೋ ಕರೆನ್ಸಿಯ ಬೆಲೆ ಏರಿದ್ದರಿಂದ 2022ರಲ್ಲಿ ಅದೇ ಭಾಗವು ಸುಮಾರು ಐದು ಲಕ್ಷ ಯೂರೋ ಬೆಲೆಬಾಳುತ್ತಿತ್ತು. ಆ ಹಣವನ್ನು ಸಂಕಷ್ಟದಲ್ಲಿರುವ ವಿದ್ಯಾರ್ಥಿಗಳ ನೆರವಿಗೆ ಬಳಸುವುದಾಗಿ ವಿಶ್ವವಿದ್ಯಾಲಯವು ತಿಳಿಸಿತು. ತೆತ್ತದ್ದಕ್ಕಿಂತ ಹೆಚ್ಚು ಮರಳಿತೆಂದು ಪತ್ರಿಕೆಗಳು ಬರೆದವು. ಆದರೆ ಇಂತಹ ಜಮೆಯನ್ನು ಯಾವ ಜಾಣ ವ್ಯಾಪಾರಸ್ಥನೂ ಮುಂಗಡಪತ್ರದಲ್ಲಿ ಹಿಡಿಯಲಾರ. ಅದು ಅದೃಷ್ಟದ ಬಾಬ್ತು.

ಲೆಕ್ಕದಲ್ಲಿ ಹಿಡಿಯಬಹುದಾದದ್ದು ಒಂದೇ: ಕಳ್ಳನ ಕೈಗೆ ಎಟುಕದೆಡೆ ಇಟ್ಟ, ತೆರೆದು ಪರೀಕ್ಷಿಸಿದ ಒಂದು ಪ್ರತಿ. ಅದಿಲ್ಲದೆ 1,647 ಸರ್ವರ್‌ಗಳ ಸಂಸ್ಥೆಯೂ ಅಪರಾಧಿಯ ಮುಂದೆ ಕೈಚಾಚಬೇಕಾಯಿತು. ಅದಿದ್ದರೆ ಮೂರು ಗಣಕಯಂತ್ರಗಳ ಅಂಗಡಿಯೂ ಮರುದಿನ ಬೆಳಗ್ಗೆ ಬಾಗಿಲು ತೆರೆದು ಮೊದಲ ಬಿಲ್ಲನ್ನು ಬರೆಯಬಲ್ಲದು.